ಅತ್ತೆಯ ದನಿಗೆ ತಕ್ಕ ಟೈರು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಈ ಮಾತನ್ನು ಮೊದಲು ಹೇಳಿದ್ದು ನಾನೋ ನನ್ನ ಹೆಂಡತಿ ಗಿರಿಜೆಯೋ ಎಂಬುದೂ ಈಗ ಖಚಿತವಿಲ್ಲ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಶಿವಮೊಗ್ಗದ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುವ ನನಗೆ ಎಲ್ಲವನ್ನೂ ಅನುಮಾನಿಸುವ ಚಟ ಅಂಟಿಕೊಂಡಿದೆ. ನಮ್ಮ ಮದುವೆ ಊಟಕ್ಕೆ ಹೋಳಿಗೆ ಮಾಡಿಸಿದ್ದರೆಂದು ಒಮ್ಮೆ ನೆಂಟರ ಮುಂದೆ ಆಣೆ ಮಾಡಿ ವಾದಿಸಿದ್ದೆ. ಆಲ್ಬಮ್ ತೆಗೆದು ನೋಡಿದರೆ ನನ್ನ ಎಲೆಯ ಮೇಲೆ ಜಹಾಂಗೀರು ಕೂತಿತ್ತು. ಅದನ್ನು ಮುರಿದು ಗಿರಿಜೆಗೆ ತಿನ್ನಿಸುತ್ತಿದ್ದವನು ನಾನೇ. ಅಂದಿನಿಂದ ನನ್ನನ್ನೂ ಅನುಮಾನಿತರ ಪಟ್ಟಿಗೆ ಸೇರಿಸಿಕೊಂಡಿದ್ದೇನೆ. ಇಂಥ ನಾನು ಒಂದು ಸಂಗತಿಯನ್ನು ಮಾತ್ರ ಎದೆ ತಟ್ಟಿ ಹೇಳಬಲ್ಲೆ. ನಮ್ಮ ಎಲೆಕ್ಟ್ರಿಕ್ ಕಾರಿಗೆ ನಾನು ಆರಿಸಿದ ಟೈರು ಸರಿಯಾದ ಟೈರು. ಇದರಲ್ಲಿ ಅನುಮಾನವಿಲ್ಲ; ಇದ್ದರೂ ಹೇಳುವುದಿಲ್ಲ.

ವಿಷಯ ಶುರುವಾಗುವುದು ನನ್ನ ಅತ್ತೆಯಿಂದ. ಅವರು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮಗ ನಾಗೇಶನ ಜೊತೆ ಇದ್ದಾರೆ. ಭಾನುವಾರ ನಾವೇ ಹೋಗಿ ಅವರನ್ನು ಗೋಪಾಳದ ನಮ್ಮ ಮನೆಗೆ ಕರೆತಂದು, ಸಂಜೆ ವಾಪಸ್ ಬಿಡುವುದು ವಾಡಿಕೆ. ಅಳಿಯನಿಗೆ ಎದುರು ನಿಂತು ಮಾತಾಡುವ ರೂಢಿ ಅವರಿಗಿಲ್ಲ. ಹೇಳುವುದೇನಿದ್ದರೂ ಮಗಳ ಮೂಲಕ. ನಾನು ಪಕ್ಕದಲ್ಲೇ ಕೂತಿದ್ದರೂ "ಅವರಿಗೆ ಇನ್ನೊಂಚೂರು ಸಾರು ಬೇಕಾ ಕೇಳೇ" ಎನ್ನುತ್ತಾರೆ. ನಾನೂ "ಸಾಕಂತೆ ಅಂತ ಹೇಳು" ಎಂದು ಗಿರಿಜೆಗೆ ಹೇಳುತ್ತೇನೆ. ದನಿಯೋ ಬಹಳ ಮೆದು. ಮಾವನವರು ಅಲ್ಲಿನ ಕಬ್ಬಿಣದ ಕಾರ್ಖಾನೆಯ ರೋಲಿಂಗ್ ಮಿಲ್ಲಿನ ಗದ್ದಲದಲ್ಲಿದ್ದು ಕಿವಿ ಮಂದ ಮಾಡಿಕೊಂಡಿದ್ದರು. "ಅವರಿಗೆ ಕೂಗಿ ಕೂಗಿ ನನ್ನ ಗಂಟಲು ಸವೆದುಹೋಯ್ತು ಕಣೇ, ಉಳಿದಿದ್ದು ಇಷ್ಟೇ" ಎಂದು ಅತ್ತೆ ಮಗಳಿಗೆ ಹೇಳುವುದನ್ನು ಕೇಳಿದ್ದೇನೆ.

ಹಳೆಯ ಕಾರಿನಲ್ಲಿ ಅವರು ಮಾತಾಡಿದ್ದೇ ಇಲ್ಲ. ಎಂಜಿನ್ನು ಮಾತಾಡುತ್ತಿತ್ತು. ಎಲೆಕ್ಟ್ರಿಕ್ ಕಾರು ಬಂದ ಮೊದಲ ಭಾನುವಾರ ಊರು ದಾಟಿದ ಮೇಲೆ, ನನ್ನ ಸೀಟಿನ ಹಿಂದಿನಿಂದ ಸಣ್ಣ ದನಿಯೊಂದು ಬಂತು: "ಈ ಕಡೆ ಮೊದಲು ಕಬ್ಬಿನ ಗದ್ದೆ ಇತ್ತು." ಗಿರಿಜೆ ನಿದ್ದೆ ಹೋಗಿದ್ದಳು. ಅತ್ತೆ ಕಿಟಕಿಗೆ ಹೇಳುತ್ತಿದ್ದರು. ನಾನು ರಸ್ತೆ ನೋಡುತ್ತಲೇ "ಹೌದಾ" ಎಂದೆ. ಮದುವೆಯಾದ ಮೇಲೆ ನಾನೂ ಅತ್ತೆಯೂ ನೇರವಾಗಿ ಆಡಿದ ಮೊದಲ ಮಾತು ಅದು. ಕಾರಿನಲ್ಲಿ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲವಲ್ಲ, ರೂಢಿಗೂ ಭಂಗವಿಲ್ಲ. ಆಮೇಲೆ ಭಾನುವಾರ ಬಂದರೆ ಕಥೆಯೇ ಕಥೆ: ಕಾರ್ಖಾನೆಯ ಸೈರನ್ನಿಗೆ ಅನ್ನಕ್ಕೆ ಇಡುತ್ತಿದ್ದದ್ದು, ಪಕ್ಕದ ಕ್ವಾರ್ಟರ್ಸಿನ ತಮಿಳು ಹೆಂಗಸಿನಿಂದ ಪೊಂಗಲ್ ಕಲಿತದ್ದು. ಕಾರು ಕೊಂಡವರೆಲ್ಲ ಮೈಲೇಜಿನ ಬಗ್ಗೆ ಹೇಳಿಕೊಳ್ಳುತ್ತಾರೆ. ನನಗೆ ಒಬ್ಬ ಅತ್ತೆಯೇ ಸಿಕ್ಕಿದ್ದರು.

ಎಲೆಕ್ಟ್ರಿಕ್ ಕಾರು ಭಾರ; ಪೆಡಲ್ ಒತ್ತಿದ ಕೂಡಲೇ ಚಿಮ್ಮುತ್ತದೆ; ಟೈರು ಬೇಗ ಸವೆಯುತ್ತದೆ. ನಮ್ಮದೂ ಸವೆದು ಹೂಂಕರಿಸತೊಡಗಿತು. ಎಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಟೈರಿನ ಸದ್ದೇ ಯಜಮಾನ. ಒಂದು ಭಾನುವಾರ ಅತ್ತೆ ಒಳ್ಳೆಯ ಲಹರಿಯಲ್ಲಿದ್ದರು. "ನಿಮ್ಮನ್ನ ಮೊದಲು ನೋಡಿ ಬಂದ ದಿನ ನಿಮ್ಮ ಮಾವ ಏನಂದ್ರು ಗೊತ್ತಾ..." ಎಂದರು. ಆ ಹೊತ್ತಿಗೆ ಸರಿಯಾಗಿ ಕಾಂಕ್ರೀಟ್ ರಸ್ತೆ ಬಂತು. ಟೈರು ಗೊರ್‍ರೋ ಎಂದಿತು. ಮಾತಿನ ಕೊನೆಯಲ್ಲಿ ಅತ್ತೆ ನಕ್ಕದ್ದಷ್ಟೇ ತಿಳಿಯಿತು. "ಏನಂದ್ರಿ?" ಎಂದು ನಾನು ಜೋರಾಗಿ ಕೇಳಿದ್ದೇ ತಪ್ಪಾಯಿತು. ಅಳಿಯ ಗದರಿದರೆಂದುಕೊಂಡು ಸುಮ್ಮನಾದರು. ಮುಂದಿನ ಭಾನುವಾರವೂ ಸುಮ್ಮನೆ, ಅದರ ಮುಂದಿನದೂ ಸುಮ್ಮನೆ. ಮಾವನವರು ಈಗಿಲ್ಲ. ನನ್ನ ಬಗ್ಗೆ ಅವರಾಡಿದ ಮಾತು ಇರುವುದು ಅತ್ತೆಯ ಬಳಿ ಮಾತ್ರ.

"ಟೈರು ಬದಲಾಯಿಸಬೇಕು. ಹೊಸದರಲ್ಲಿ ಈ ಸದ್ದೇ ಇರಲಿಲ್ಲ" ಎಂದೆ ಗಿರಿಜೆಗೆ.

"ಹೊಸದರಲ್ಲೂ ಹೀಗೇ ಇತ್ತು ಕಣ್ರೀ."

"ನಂಗೆ ಚೆನ್ನಾಗಿ ನೆನಪಿದೆ."

"ಹೋಳಿಗೆ ನೆನಪಿದ್ದ ಹಾಗಾ?"

ಆ ರಾತ್ರಿಯ ಊಟ ನನಗೆ ರುಚಿಸಲಿಲ್ಲ. ಸದ್ದು ಹೆಚ್ಚಿದ್ದು ಟೈರಿನದೋ, ಮಾವನವರ ಹಾಗೆ ನನ್ನ ಕಿವಿಯೇ ಮಂದವಾಗುತ್ತಿದೆಯೋ? ಹೊಸ ಟೈರು ಹಾಕಿದ ಮೇಲೂ ಕೇಳಿಸದಿದ್ದರೆ? ಆದರೂ ಹಿಂದೆ ಸರಿಯಲಿಲ್ಲ. ಕಾಲೇಜಿನ ಗೆಳೆಯನೊಬ್ಬ, "ಮಾರಾಯ, ಚಾರ್ಜು ಜಾಸ್ತಿ ದೂರ ಬರೋ ಟೈರು ಹಾಕ್ಸು, ಬೇರೆ ಏನೂ ನೋಡ್ಬೇಡ" ಎಂದ. ನಾಗೇಶ ಫೋನಿನಲ್ಲೇ ಗುಡುಗಿದ: "ಭಾವ, ದಪ್ಪ ದಪ್ಪ ಹಲ್ಲಿನದ್ದು ಹಾಕ್ಸಿ, ಜೀಪಿಗೆ ಹಾಕ್ತಾರಲ್ಲ ಅಂಥದ್ದು. ಟೈರು ಅಂದ್ರೆ ರಸ್ತೆಗೆ ಹೆದರಿಕೆ ಇರ್ಬೇಕು." ಭದ್ರಾವತಿಯವನು, ಕಬ್ಬಿಣದಷ್ಟು ಗಟ್ಟಿಯಿಲ್ಲದ ವಸ್ತುವಿನ ಮೇಲೆ ಅವನಿಗೆ ಗೌರವ ಕಡಿಮೆ.

ಟೈರಂಗಡಿಯ ಯಜಮಾನರು ಹುರುಪಿನ ಮನುಷ್ಯ. "ಇದು ಬಾಳಿಕೆ ಸಾರ್, ಇದು ಮಳೇಲಿ ಹಿಡಿತ, ಇದು ಚಾರ್ಜು ಉಳಿಸುತ್ತೆ. ನಿಮಗೆ ಯಾವುದು?" ಎಂದರು. ಎಲ್ಲವೂ ನಮ್ಮ ಭಾರದ ಗಾಡಿಯನ್ನು ಹೊರಬಲ್ಲವೇ ಎಂದು ಮೊದಲು ಖಾತ್ರಿ ಮಾಡಿಕೊಂಡೆ. ಆಮೇಲೆ ಗಂಟಲು ಸರಿಪಡಿಸಿಕೊಂಡು ಹೇಳಿದೆ: "ಹಿಂದಿನ ಸೀಟಿನಲ್ಲಿ ನಮ್ಮತ್ತೆ ಮಾತಾಡಿದ್ದು ನನಗೆ ಕೇಳಿಸಬೇಕು."

ಯಜಮಾನರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ನೀವೊಬ್ಬರೇ ಸಾರ್. ಕೇಳಿಸಬಾರದು ಅಂತ ಬೇಕಾದ್ರೆ ಬಹಳ ಜನ ಬರ್ತಾರೆ." ನಗು ಮುಗಿದ ಮೇಲೆ ಒಳಗಿನಿಂದ ಒಂದು ಟೈರು ತರಿಸಿದರು. ಅದರ ಹೊಟ್ಟೆಯೊಳಗೆ ಸುತ್ತಲೂ ಸ್ಪಂಜಿನ ಪಟ್ಟಿ ಅಂಟಿಸಿತ್ತು. ಸದ್ದನ್ನು ಅದು ನುಂಗುತ್ತದಂತೆ. "ಆದ್ರೆ ಇದು ಉಳಿದವುಗಳಷ್ಟು ಬಾಳಿಕೆ ಬರಲ್ಲ" ಎಂದರು. ನಾನು ಸ್ಪಂಜನ್ನು ಬೆರಳಿನಿಂದ ಒತ್ತಿ ನೋಡಿದೆ. ಬಿಸಿ ಇಡ್ಲಿಯ ಹಾಗೆ ಮೆತ್ತಗಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಎರಡನೆಯ ಅಭಿಪ್ರಾಯ ಕೇಳದೆ "ಹಾಕಿ" ಎಂದೆ.

ಭಾನುವಾರ ಅತ್ತೆಯ ಅಪ್ಪಣೆಯಂತೆ ಗಿರಿಜೆ ಹೊಸ ಟೈರುಗಳಿಗೆ ಕುಂಕುಮ ಹಚ್ಚಿ ಅಡಿಗೆ ಒಂದೊಂದು ನಿಂಬೆಹಣ್ಣು ಇಟ್ಟಳು. ಇದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಕಿಟಕಿ ಮುಚ್ಚಿ ಗಾಡಿ ಮುಂದೆ ಬಿಟ್ಟಾಗ ಒಂದೊಂದು ನಿಂಬೆಹಣ್ಣೂ ಪಚಕ್ಕೆಂದದ್ದು ಬೇರೆಬೇರೆಯಾಗಿ ಕೇಳಿಸಿತು. "ನೋಡಿದ್ಯಾ! ಕೇಳಿಸ್ತು!" ಎಂದು ಕೂಗಿದೆ. "ಅದು ಪಕ್ಕದ ಬೀದಿಗೂ ಕೇಳಿಸುತ್ತೆ" ಎಂದಳು ಗಿರಿಜೆ.

ಬೆಳಗಿನ ದಾರಿಯಲ್ಲಿ ಅತ್ತೆ ಬಾಯಿ ಬಿಟ್ಟಿರಲಿಲ್ಲ; ಸಂಜೆ ಮತ್ತೆ ಭದ್ರಾವತಿಗೆ ಹೊರಟೆವು. ಕಾಂಕ್ರೀಟ್ ರಸ್ತೆ ಬಂತು. ಕಾರು ಹಾಲಿನ ಮೇಲೆ ಕೆನೆ ಜಾರಿದಂತೆ ಜಾರಿತು. ನಾನು ಕಿವಿಯನ್ನು ಹಿಂದಿನ ಸೀಟಿಗೆ ಕೊಟ್ಟು ಕಾದೆ. ಆಗ ಹಿಂದಿನಿಂದ, ಕಿಟಕಿಯ ಕಡೆಗೆ, ಅದೇ ಸಣ್ಣ ದನಿ:

"ಅವತ್ತು ಹೇಳಕ್ಕೆ ಹೋದೆ, ನಿಮಗೆ ಬೇಜಾರಾಯ್ತೇನೋ. ನಿಮ್ಮನ್ನ ನೋಡಿ ಬಂದ ದಿನ ಅವರು ಅಂದಿದ್ದಿಷ್ಟೇ. 'ಹುಡುಗ ಚಿನ್ನ. ಧೈರ್ಯವಾಗಿ ಕೊಡಬಹುದು. ಆದ್ರೆ ಒಂದೇ ಕಣೇ, ತಾನು ಮಾತಾಡ್ತಾನೆ, ಇನ್ನೊಬ್ಬರ ಮಾತು ಕೇಳಿಸ್ಕೊಳ್ಳಲ್ಲ.'"

ಒಂದಕ್ಷರವೂ ತಪ್ಪದೆ ಕೇಳಿಸಿತು! ಕಿವಿ ಸರಿಯಿದೆ, ಟೈರು ಸರಿಯಿದೆ, ಹೊಸದರಲ್ಲಿ ಸದ್ದಿರಲಿಲ್ಲವೆಂಬ ನನ್ನ ನೆನಪೂ ಸರಿಯಿದೆ. ನನಗೆ ಹೆಮ್ಮೆ ತಡೆಯಲಾಗಲಿಲ್ಲ. "ಕೇಳಿಸ್ತು ಅತ್ತೆ! ಇದು ಹೇಗೆ ಗೊತ್ತಾ? ಒಳಗೆ ಸ್ಪಂಜು ಇದೆ..." ಎಂದು ಶುರು ಮಾಡಿದೆ. ಸ್ಪಂಜು ಸದ್ದನ್ನು ನುಂಗುವ ಬಗೆ, ಭಾರ ಹೊರುವ ಬಗೆ, ನಾಗೇಶನ ಜೀಪ್ ಟೈರು ಯಾಕೆ ಸಲ್ಲದು, ಎಲ್ಲವನ್ನೂ ಬಿಡಿಸಿ ಹೇಳಿದೆ. ಓಲ್ಡ್ ಟೌನ್ ಬಂದದ್ದೇ ಗೊತ್ತಾಗಲಿಲ್ಲ. ಅತ್ತೆ ಇಳಿದು, ಸೆರಗು ಸರಿಮಾಡಿಕೊಂಡು, ನಗುತ್ತಾ ಒಳಗೆ ಹೋದರು.

ವಾಪಸ್ ಬರುವಾಗ ಗಿರಿಜೆ ಹೇಳಿದಳು: "ಅಮ್ಮ ಅಪ್ಪನ ಇನ್ನೊಂದು ಮಾತು ಹೇಳ್ತಾ ಇದ್ರು. ನೀವು ಸ್ಪಂಜಿನಲ್ಲಿದ್ರಿ."