ಇನ್ನೊಂದ್ಸಲ ಒತ್ತಪ್ಪಾ

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದಿನ ಆ ವಧೂವರರ ಕೇಂದ್ರದಲ್ಲಿ ಯಾರಿಗೂ ವಯಸ್ಸಾಗುತ್ತಿರಲಿಲ್ಲ. ಒಮ್ಮೆ ಇಪ್ಪತ್ತೈದೆಂದು ಬರೆಸಿದ ಹುಡುಗಿ ಎಷ್ಟು ಯುಗಾದಿ ಕಳೆದರೂ ಇಪ್ಪತ್ತೈದರಲ್ಲೇ ಇರುತ್ತಿದ್ದಳು. ಗಂಡಿನ ಕಡೆಯವರೊಬ್ಬರು ಇದನ್ನು ಪತ್ತೆಹಚ್ಚಿ ಬಾಯಿಗೆ ಬಂದಂತೆ ಬೈದು ಹೋದದ್ದೇ ಎಲ್ಲ ಫಜೀತಿಗೂ ಮೂಲ.

"ಲೇ ಶಾಂತಮೂರ್ತಿ, ಎಲ್ಲರ ಫೈಲ್‌ಗೂ ಒಂದೊಂದು ವರ್ಷ ಸೇರಿಸ್ಬುಡ್ಲಾ. ಮುಗಿಸ್ದೆ ಎದ್ದೀಯಾ, ಉಸಾರು!" ಎಂದು ಮಾಲೀಕ ವೃಷಭೇಂದ್ರಪ್ಪ ಅಪ್ಪಣೆ ಕೊಡಿಸಿದರು.

ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಶಾಂತಮೂರ್ತಿ ಗಡಿಯಾರ ನೋಡಿದ. ಫೈಲುಗಳೋ ಸಾವಿರದ ಮೇಲೆ. ಅವನೋ ಅಂದೇ ಮಧ್ಯಾಹ್ನ ಯಳಂದೂರಿಗೆ ಹೆಣ್ಣು ನೋಡಲು ಹೋಗಬೇಕಿತ್ತು. ಊರಿಗೆಲ್ಲ ಸಂಬಂಧ ಕೂಡಿಸುವ ಜಾಗದಲ್ಲಿ ಕೂತಿದ್ದರೂ, ಮೂವತ್ತಾರು ತುಂಬಿದ ಅವನಿಗೇ ಹೆಣ್ಣು ಸಿಕ್ಕಿರಲಿಲ್ಲ. ಅವನ ಫೈಲೂ ಅದೇ ಕಂಪ್ಯೂಟರಿನಲ್ಲಿತ್ತು. ನೆತ್ತಿಯ ಕೂದಲೆಲ್ಲ ಉದುರಿದರೂ ಅದರಲ್ಲಿ ಇಪ್ಪತ್ತೊಂಬತ್ತು ಅಲುಗದೆ ನಿಂತಿತ್ತು.

ಒಂದೊಂದೇ ಫೈಲು ತೆರೆದು ತಿದ್ದುತ್ತ ಕೂತರೆ ಆ ಹೆಣ್ಣಿಗೆ ಮೊಮ್ಮಕ್ಕಳಾಗುತ್ತವೆ ಎಂದುಕೊಂಡು, ಎಲ್ಲ ಫೈಲುಗಳಲ್ಲೂ ವಯಸ್ಸಿನ ಸಾಲು ಹುಡುಕಿ ಒಂದು ಕೂಡಿಸು ಎಂದು ಕಂಪ್ಯೂಟರಿಗೆ ಹೇಳುವ ಪುಟ್ಟ ಸ್ಕ್ರಿಪ್ಟ್ ಬರೆದ. ಗುಂಡಿ ಒತ್ತಿದ. ಪರದೆ ಆಯಿತು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಸರ್ಕಾರಿ ಕಚೇರಿಗಳಿಗೆ ಅಲೆದು ಅಭ್ಯಾಸವಿದ್ದವನು. ಒಂದು ಸಲಕ್ಕೆ ಯಾವ ಕೆಲಸ ತಾನೇ ಆಗುತ್ತದೆ ಎಂದು ಮತ್ತೆ ಒತ್ತಿದ. ಮತ್ತೂ ಒತ್ತಿದ. ಸ್ಕ್ರಿಪ್ಟ್ ಮಾತ್ರ ತುಟಿಪಿಟಕ್ಕೆನ್ನದೆ, ಒತ್ತಿದಾಗಲೆಲ್ಲ ತಾಲ್ಲೂಕಿನ ಕನ್ಯೆಯರಿಗೆಲ್ಲ ಒಂದೊಂದು ವರ್ಷ ಏರಿಸುತ್ತಿತ್ತು.

ಫೈಲಿನಲ್ಲಿ ಬದಲಾದದ್ದು ಮನೆಮನೆಯ ಮೊಬೈಲಿನಲ್ಲೂ ಆ ಕ್ಷಣಕ್ಕೇ ಬದಲಾಗುತ್ತದೆ. ಮುಂದಿನ ಬಸ್ಸಿಗೇ ಹನೂರು, ಅಜ್ಜೀಪುರದ ತಾಯಂದಿರು ಬಂದಿಳಿದರು.

"ನಮ್ಮುಡ್ಗಿಗೆ ಮೂವತ್ತೆರಡಂತೆ! ಅವ್ಳು ಉಟ್ದಾಗ ನೀನೇ ತೊಟ್ಲು ತೂಗಿದ್ಯೇನಪ್ಪಾ?" ಎಂದು ಹನೂರಿನ ಶಿವರತ್ನಮ್ಮ ಮೊಬೈಲನ್ನು ಅವನ ಮೂಗಿಗೇ ಹಿಡಿದರು.

"ಇರ‍್ರಮ್ಮಾ, ಇಳಿಸ್ತೀನಿ" ಎಂದು ಅವನು ಸ್ಕ್ರಿಪ್ಟಿನಲ್ಲಿ ಕೂಡಿಸುವ ಗುರುತು ಅಳಿಸಿ ಕಳೆಯುವ ಗುರುತು ಹಾಕಿದ. ಎಷ್ಟು ಸಲ ಏರಿಸಿದ್ದೆನೆಂಬುದು ನೆನಪಿರಲಿಲ್ಲ. ಒತ್ತುತ್ತ ಹೋದ, ತಾಯಂದಿರು ತಮ್ಮತಮ್ಮ ಮೊಬೈಲ್ ನೋಡುತ್ತ ಅರಳುತ್ತ ಹೋದರು.

"ಈಗ ಮೊದಲಿನಂಗೇ ಆಯ್ತಾ?"

"ಆಯ್ತು ಕಣಪ್ಪಾ. ಒತ್ತೋದು ಒತ್ತಿದ್ದೀಯೆ, ಇನ್ನೊಂದ್ಸಲ ಒತ್ತಪ್ಪಾ" ಎಂದರು ಶಿವರತ್ನಮ್ಮ.

"ನಮ್ಗೂ ಒಂದು ಕಣಪ್ಪಾ! ಪುಣ್ಯ ಬತ್ತದೆ!" ಎಂದರು ಅಜ್ಜೀಪುರದ ಚನ್ನಮಲ್ಲಮ್ಮ.

"ಒತ್ಲಾ, ಗಿರಾಕಿಗಳು ದೇವ್ರಿದ್ದಂಗೆ" ಎಂದು ವೃಷಭೇಂದ್ರಪ್ಪನವರೂ ದನಿಗೂಡಿಸಿದರು. ಬೆಳಿಗ್ಗೆಯ ಅಪ್ಪಣೆ ಅವರಿಗೇ ಮರೆತುಹೋಗಿತ್ತು. ಒಬ್ಬರಿಗೆ ಒತ್ತಿದರೆ ಎಲ್ಲರಿಗೂ ಇಳಿಯುತ್ತದೆ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಣ್ಣುಮಕ್ಕಳೆಲ್ಲ ಕಾಲೇಜಿನ ವಯಸ್ಸಿಗೆ ವಾಪಸ್ಸಾದ ಮೇಲೆಯೇ ತಾಯಂದಿರು ಹರಸಿ ಎದ್ದದ್ದು. ಶಾಂತಮೂರ್ತಿ ಬಸ್ಸಿಗೆ ಓಡಿದ.

ಯಳಂದೂರಿನಲ್ಲಿ ಹುಡುಗಿ ಭವ್ಯಶ್ರೀ ಕಾಫಿ ಕೊಡುತ್ತ ನಕ್ಕೂಬಿಟ್ಟಳು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವಳ ತಂದೆ ಶಿವಮಲ್ಲಪ್ಪನವರು ಕನ್ನಡಕ ಏರಿಸಿ, "ವಯಸ್ಸೊಂದು ನೋಡಿರ್ನಿಲ್ಲ" ಎನ್ನುತ್ತ ಮೊಬೈಲ್ ತೆರೆದರು. ಮೊಬೈಲ್ ನೋಡಿದರು, ಅವನ ನೆತ್ತಿ ನೋಡಿದರು, ಮತ್ತೆ ಮೊಬೈಲ್ ನೋಡಿದರು.

"ಇಪ್ಪತ್ತೆರಡಾ?"

ಶಾಂತಮೂರ್ತಿ ಲೆಕ್ಕ ಹಾಕಿದ. ಇಪ್ಪತ್ತೊಂಬತ್ತು ಅಂದರೆ ಮೊಬೈಲ್ ಒಪ್ಪದು, ಮೂವತ್ತಾರು ಅಂದರೆ ಹುಡುಗಿ ಒಪ್ಪಳು.

"ಊಂ ಸಾ" ಎಂದ.

ಶಿವಮಲ್ಲಪ್ಪನವರ ಕಣ್ಣು ಒದ್ದೆಯಾಯಿತು. "ಇಪ್ಪತ್ತೆರಡಕ್ಕೇ ಇಂಗಾಗೋಗಿದ್ದೀಯಲ್ಲ ಮಗಾ! ನಮ್ಮುಡ್ಗಿ ಕೊಟ್ರೆ ಮೂವತ್ತರ ತನಕನಾದ್ರೂ ಇರ್ತೀಯಾ? ಮೊದ್ಲು ಮೈಸೂರ್ಗೋಗಿ ತೋರಿಸ್ಕಪ್ಪಾ."

ಎಂದವರೇ, ಬಿದ್ದುಗಿದ್ದಾನು ಎಂದು ಅವನ ತೋಳು ಹಿಡಿದು ಬಸ್ ಸ್ಟ್ಯಾಂಡಿನವರೆಗೂ ಮೆಲ್ಲಗೆ ನಡೆಸಿಕೊಂಡು ಹೋಗಿ ಬಿಟ್ಟುಬಂದರು.