ಗಂಗವ್ವನನ್ನು ಹೆದರಿಸಬೇಡಿ

ಭಾನುವಾರ ಇಡೀ ದಿನ ಕರೆಂಟ್ ಇರುವುದಿಲ್ಲ ಎಂಬ ಸುದ್ದಿ ಹೆಬ್ಬಾಳದ ಆ ಸಂಶೋಧನಾ ಸಂಸ್ಥೆಗೆ ಶನಿವಾರ ಸಂಜೆ ಬಂತು. ಜನರೇಟರ್ ರಿಪೇರಿಗೆ ಹೋಗಿ ವಾರವಾಗಿತ್ತು. ಇವೆರಡರ ನಡುವೆ ಸಿಕ್ಕಿಬಿದ್ದವಳು ಗಂಗವ್ವ. ಗಂಗವ್ವನ ಹಿಂದೆಯೇ ಸಿಕ್ಕಿಬಿದ್ದವನು ವಿಜಯಕುಮಾರ.

ಗಂಗವ್ವ ಹೆಂಗಸಲ್ಲ, ಕಡಲಮೊಲ ಎಂಬ ಜೀವಿ. ಮೊಲ ಎಂದರೆ ಮೊಲವೂ ಅಲ್ಲ. ಬಸವನಹುಳು ಚಿಪ್ಪು ಬಿಸಾಕಿ, ಚೆನ್ನಾಗಿ ಉಂಡು, ಅಂಗೈಗಿಂತ ದೊಡ್ಡದಾಗಿ ಬೆಳೆದರೆ ಹೇಗಿರುತ್ತದೋ ಹಾಗೆ. ತಲೆಯ ಮೇಲೆ ಕಿವಿಯಂಥ ಎರಡು ಕೊಂಬು, ಅಷ್ಟಕ್ಕೇ ಆ ಹೆಸರು. ಕ್ಯಾನುಗಟ್ಟಲೆ ಸಮುದ್ರದ ನೀರಿನ ಜೊತೆ ಕರಾವಳಿಯಿಂದ ಬಸ್ಸಿನಲ್ಲಿ ಬಂದಿಳಿದ ಈಕೆಗೆ ಬಾಗಲಕೋಟೆಯ ವಿಜಯಕುಮಾರ ತನ್ನ ಅಜ್ಜಿಯ ಹೆಸರಿಟ್ಟಿದ್ದ. ಅವಳಿಗೆ ಪಾಚಿ ತಿನ್ನಿಸುವುದು, ನೀರು ಬದಲಿಸುವುದು ಅವನ ಕೆಲಸ.

ಒಬ್ಬ ಸೊಸೆಗೆ ಮೂವರು ಅತ್ತೆಯರಿದ್ದಂತೆ ಗಂಗವ್ವನಿಗೆ ಮೂರು ವಿಭಾಗಗಳು. ಅವಳ ಮೈಯಲ್ಲಿ ಏನೇನಿದೆ ಎಂಬ ಕುತೂಹಲ ರಸಾಯನಶಾಸ್ತ್ರದವರಿಗೆ. ಅದರಿಂದ ಕ್ಯಾನ್ಸರಿಗೆ ಮದ್ದು ಸಿಕ್ಕೀತೇ ಎಂಬ ಆಸೆ ಔಷಧ ವಿಭಾಗದವರಿಗೆ. ಸದ್ಯಕ್ಕೆ ಅವಳು ಮನಸ್ಸಿನ ಕಾಯಿಲೆಗಳನ್ನು ಅಧ್ಯಯನ ಮಾಡುವ ಡಾ. ಸಂಯುಕ್ತಾ ಅವರ ವಶದಲ್ಲಿದ್ದಳು. ಹೆದರಿಕೆ ಕಲಿತ ಜೀವ ಅದನ್ನು ಮರೆಯಬಲ್ಲದೇ ಎಂಬುದು ಅವರ ಪ್ರಶ್ನೆ. ಗಂಗವ್ವ ಮರೆತಳು ಎಂದಾದರೆ ಮನುಷ್ಯರ ಭಯಕ್ಕೂ ಒಂದು ದಾರಿ ಸಿಗಬಹುದಿತ್ತು.

"ನಾಳೆ ನೀವೇ ಮನೇಲಿ ಇಟ್ಕೊಳ್ಳಿ ವಿಜಯ್" ಎಂದರು ಸಂಯುಕ್ತಾ. "ತಂಪಾಗಿರ್ಬೇಕು, ಸದ್ದಿರಬಾರ್ದು. ಹೆದರಿದ್ರೆ ನೇರಳೆ ಬಣ್ಣ ಕಾರ್ತಾಳೆ, ಗೊತ್ತಲ್ಲ? ಆರು ವಾರದಿಂದ ಒಂದು ತೊಟ್ಟು ಕಾರಿಲ್ಲ. ನಾಳೆ ಒಂದು ದಿನ ದಾಟಿದ್ರೆ ನನ್ನ ರಿಪೋರ್ಟು ಮುಗೀತು."

"ಕಾರಿದ್ರ ಮೇಡಂ?"

"ಆರು ವಾರದ ಕೆಲಸ ನೀರುಪಾಲು. ಆಮೇಲೆ ನಿಮ್ಮ ಕಾಂಟ್ರಾಕ್ಟ್ ಮುಂದುವರಿಸಿ ಅಂತ ನಾನು ಯಾವ ಮುಖ ಇಟ್ಕೊಂಡು ಬರೀಲಿ?"

ಕಾಂಟ್ರಾಕ್ಟ್ ಈ ತಿಂಗಳಿಗೆ ಮುಗಿಯುತ್ತಿತ್ತು. ಊರಿನಲ್ಲಿ ಅವನಿಗೆ ನೋಡಿದ್ದ ಹುಡುಗಿ ಭಾಗ್ಯಶ್ರೀಯ ತಂದೆ ಮಹಾಲಿಂಗಪ್ಪನವರು "ಮೊದಲ ನೌಕ್ರಿ ಗಟ್ಟಿ ಆಗ್ಲಿ, ಆಮ್ಯಾಲ ನಿಶ್ಚಯದ ಮಾತು" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಹೀಗೆ ವಿಜಯಕುಮಾರನ ಮದುವೆ ಒಂದು ಹುಳುವಿನ ಮನಶ್ಶಾಂತಿಗೆ ತಗುಲಿಕೊಂಡಿತು.

ಅವನು ಬಾಡಿಗೆಗಿದ್ದದ್ದು ಸಂಜಯನಗರದಲ್ಲಿ, ಚಿಕ್ಕಹನುಮಯ್ಯನವರ ಮನೆಯ ಮಹಡಿಯ ರೂಮಿನಲ್ಲಿ. ಒಂದು ಕಾಲಕ್ಕೆ ಅಲ್ಲಿ ಅವರ ದ್ರಾಕ್ಷಿ ತೋಟವಿತ್ತಂತೆ. ಈಗ ದ್ರಾಕ್ಷಿ ಗೊಂಚಲಿನ ಹಾಗೆಯೇ ಒಂದಕ್ಕೊಂದು ಅಂಟಿಕೊಂಡ ಬಾಡಿಗೆ ಮನೆಗಳಿದ್ದವು. ಮಹಡಿಯ ರೂಮಿಗೆ ಶೀಟಿನ ಸೂರು, ಹಗಲೆಲ್ಲ ಕಾವು. ಆದ್ದರಿಂದ ಭಾನುವಾರ ಬೆಳಿಗ್ಗೆ ವಿಜಯಕುಮಾರ ಗಂಗವ್ವನ ಬಕೆಟನ್ನು ಕೆಳಗೆ, ಮೆಟ್ಟಿಲಿನಡಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆರಳಿನಲ್ಲಿಟ್ಟ. ಗಾಳಿ ಬಿಡುವ ಪುಟ್ಟ ಮೋಟರನ್ನು ಬ್ಯಾಟರಿಗೆ ಸಿಕ್ಕಿಸಿ, ಮುಚ್ಚಳವನ್ನು ಓರೆ ಮಾಡಿ, ಅಲ್ಲೇ ಕಾವಲು ಕೂತ.

ಮೊದಲು ಬಂದವರು ಕೆಳಗಿನ ಬಾಡಿಗೆ ಮನೆಯ ಯೋಗಾನಂದ. ನಿವೃತ್ತರು, ಬಿಡುವಿನವರು. ಗುಳುಗುಳು ಸದ್ದು ಕೇಳಿ ಮುಚ್ಚಳ ಎತ್ತಿಯೇಬಿಟ್ಟರು.

"ಏನ್ರೀ ಇದು, ಉಸಿರಾಡ್ತಿದೆ?"

"ಮೆಲ್ಲಕ ಮಾತಾಡ್ರಿ ಸರ. ನಮ್ಮ ಲ್ಯಾಬಿಂದು. ಕ್ಯಾನ್ಸರಿಗೆ ಔಷಧಿ ಹುಡುಕಾಕ..."

ಯೋಗಾನಂದರು ಜನ್ಮದಲ್ಲಿ ಯಾರ ಮಾತನ್ನೂ ಕೊನೆಯವರೆಗೆ ಕೇಳಿದವರಲ್ಲ. ಕಂದುಬಣ್ಣದ, ಸುಕ್ಕು ಸುಕ್ಕಾದ, ಮೆಲ್ಲನೆ ಮಿಸುಕುವ ಮುದ್ದೆಯೊಂದನ್ನು ಕಣ್ಣಾರೆ ನೋಡಿದ್ದರು, ಕ್ಯಾನ್ಸರ್ ಎಂದು ಕಿವಿಯಾರೆ ಕೇಳಿದ್ದರು. ಅಷ್ಟು ಸಾಕಾಯಿತು. ಒಂದು ಲೋಟ ಕಾಫಿ ಆರುವುದರೊಳಗೆ, ಮಹಡಿಯ ಹುಡುಗ ಯಾರದೋ ಹೊಟ್ಟೆಯಿಂದ ತೆಗೆದ ಜೀವಂತ ಕ್ಯಾನ್ಸರ್ ಗಡ್ಡೆಯನ್ನು ಬಕೆಟಿನಲ್ಲಿ ಸಾಕುತ್ತಿದ್ದಾನೆ ಎಂಬ ಸುದ್ದಿ ಎದುರು ಸಾಲಿಗೆಲ್ಲ ಹಬ್ಬಿತು.

ಎದುರುಮನೆ ಮಂಜುಶ್ರೀ ಮೂಗಿಗೆ ಸೆರಗು ಒತ್ತಿಕೊಂಡು ಬಂದಳು. ಅವಳ ಹಿಂದೆ ಬೀದಿಯ ಅರ್ಧ ಜನ.

"ಇದು ಗಾಳೀಲಿ ಹರಡುತ್ತಾ?" ಎಂದಳು ಮಂಜುಶ್ರೀ.

"ಇದು ಗಡ್ಡಿ ಅಲ್ರಿ ಅಕ್ಕಾರ, ಸಮುದ್ರದ ಪ್ರಾಣಿ" ಎಂದು ವಿಜಯಕುಮಾರ ಪಿಸುಗುಟ್ಟಿದ. ಗಂಗವ್ವನ ಎದುರು ಗಟ್ಟಿಯಾಗಿ ಮಾತನಾಡುವಂತಿರಲಿಲ್ಲ.

"ನೋಡಿ, ಪಾಪ, ಬಾಯ್ಬಿಟ್ಟು ಹೇಳೋಕೂ ಹೆದರ್ತಿದಾರೆ" ಎಂದರು ಯೋಗಾನಂದ. "ಇವರಿಗೆ ಮೇಲಿನವರಿಂದ ಒತ್ತಡ ಇರುತ್ತೆ ಕಣ್ರೀ."

"ಸಮುದ್ರದ ಪ್ರಾಣಿ ಅಂದ್ರೆ ಕಣ್ಣು ಬಾಯಿ ಬೇಡ್ವಾ? ಇದಕ್ಕೆ ಮುಖ ಎಲ್ಲಿ?" ಎಂದಳು ಮಂಜುಶ್ರೀ.

ವಿಜಯಕುಮಾರ ಬೆರಳಿನಿಂದ ಮುಖ ತೋರಿಸಿದ. ಯಾರಿಗೂ ಅದು ಮುಖದಂತೆ ಕಾಣಲಿಲ್ಲ. ಅವನು ಪಿಸುಗುಟ್ಟಿದಷ್ಟೂ ಜನರ ಅನುಮಾನ ಗಟ್ಟಿಯಾಯಿತು, ಜನರ ದನಿ ಏರಿದಷ್ಟೂ ಅವನ ಎದೆ ಡವಗುಟ್ಟಿತು. ಇಡೀ ಗುಂಪಿನಲ್ಲಿ ನೆಮ್ಮದಿಯಿಂದ ಇದ್ದವಳು ಗಂಗವ್ವ ಒಬ್ಬಳೇ. ಆರು ವಾರ ಕಲಿತ ಪಾಠ ವ್ಯರ್ಥವಾಗಿರಲಿಲ್ಲ. ಅವಳನ್ನು ನೋಡಿ ವಿಜಯಕುಮಾರನಿಗೆ ಹೆಮ್ಮೆಯಾಯಿತು.

ಆ ಹೆಮ್ಮೆ ಹೆಚ್ಚು ಹೊತ್ತು ಬಾಳಲಿಲ್ಲ. ಯೋಗಾನಂದರು ಒಳಗೆ ಹೋಗಿ ಟಾರ್ಚನ್ನೂ ಪೊರಕೆಕಡ್ಡಿಯನ್ನೂ ತಂದಿದ್ದರು. "ಗಡ್ಡೆನೋ ಪ್ರಾಣಿನೋ ಒಂದ್ ನಿಮಿಷದಲ್ಲಿ ಹೇಳ್ತೀನಿ ಇರಿ" ಎನ್ನುತ್ತ ಬೆಳಕು ಬಿಟ್ಟು, ವಿಜಯಕುಮಾರ ಕೈ ಅಡ್ಡ ಹಿಡಿಯುವ ಮೊದಲೇ ತಿವಿದರು.

ಕಲಿಕೆಗೂ ಒಂದು ಮಿತಿ ಇರುತ್ತದೆ. ಗಂಗವ್ವ ಮೈ ಹಿಡಿ ಮಾಡಿಕೊಂಡಳು. ಮರುಕ್ಷಣ ಬಕೆಟ್ ತುಂಬ ದಟ್ಟ ನೇರಳೆ ಬಣ್ಣ ಹರಡಿ ಅವಳೇ ಕಾಣದಂತಾದಳು.

"ಅಯ್ಯಯ್ಯೋ, ರಕ್ತ ಕಾರ್ತು" ಎಂದು ಮಂಜುಶ್ರೀ ಹಿಂದಕ್ಕೆ ಹಾರಿದಳು. ಗುಂಪು ಮುಂದೇನು ಮಾಡುತ್ತಿತ್ತೋ, ಅಷ್ಟರಲ್ಲಿ ಬೀದಿಯ ಕೊನೆಯಿಂದ ಯಾರೋ "ಕಾವೇರಿ ಬಂತು" ಎಂದು ಕೂಗಿದರು. ದಿನ ಬಿಟ್ಟು ದಿನ ಬರುವ ಕಾವೇರಿ ನೀರಿನ ಮುಂದೆ ಕ್ಯಾನ್ಸರ್ ಎಷ್ಟರದ್ದು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಲ್ಲರೂ ತಂತಮ್ಮ ಮೋಟರು, ಬಿಂದಿಗೆಗಳ ಕಡೆ ಓಡಿದ್ದರು. ಯೋಗಾನಂದರ ಪೊರಕೆಕಡ್ಡಿ ಮಾತ್ರ ಅಲ್ಲಿ ಬಿದ್ದಿತ್ತು.

ವಿಜಯಕುಮಾರ ಗಂಗವ್ವನನ್ನು ಎತ್ತಿ, ಲ್ಯಾಬಿನಿಂದ ತಂದಿದ್ದ ಕ್ಯಾನಿನ ಸಮುದ್ರದ ನೀರು ತುಂಬಿದ ಇನ್ನೊಂದು ಬಕೆಟಿಗೆ ಬಿಟ್ಟು, ಕಾವಿದ್ದರೂ ಇರಲೆಂದು ಮಹಡಿಗೆ ಒಯ್ದ. ಬಲಗೈ ಮಣಿಕಟ್ಟಿನವರೆಗೆ ನೇರಳೆಯಾಗಿತ್ತು. "ಏನೂ ಆಗಿಲ್ಲ ತಗೋ ಯವ್ವ" ಎಂದು ಅರ್ಧ ಗಂಟೆ ಅವಳನ್ನು ಸಮಾಧಾನ ಮಾಡುತ್ತ ತನ್ನನ್ನೂ ಸಮಾಧಾನ ಮಾಡಿಕೊಂಡ. ಲ್ಯಾಬಿನವರು ಯಾರೂ ನೋಡಿಲ್ಲ. ಆ ಬಣ್ಣದ ನೀರನ್ನು ಚರಂಡಿಗೆ ಚೆಲ್ಲಿಬಿಟ್ಟರೆ ಮುಗಿಯಿತು, ಗಂಗವ್ವನೇನು ಬಾಯಿಬಿಟ್ಟು ಹೇಳುವವಳಲ್ಲ.

ಕೆಳಗಿಳಿದು ಬಂದರೆ ಚೆಲ್ಲುವ ಕೆಲಸ ಉಳಿದಿರಲಿಲ್ಲ. ಮಾರ್ಕೆಟ್ಟಿನಿಂದ ಆಗಷ್ಟೇ ಬಂದ ಮನೆಯೊಡತಿ ಸೊಣ್ಣಮ್ಮ, ಗಂಡನ ಬಿಳಿ ಪಂಚೆ ಒಗೆದು, ನೀಲಿ ಹಾಕಬೇಕೆಂದು ಅತ್ತಿತ್ತ ನೋಡಿದ್ದಾರೆ. ಕಲ್ಲಿನ ಪಕ್ಕದಲ್ಲೇ ಬಕೆಟ್ ತುಂಬ ನೀಲಿ. ಯಾರೋ ಪುಣ್ಯಾತ್ಮರು ಕಲಸಿಟ್ಟು ಮರೆತಿದ್ದಾರೆಂದು ಪಂಚೆಯನ್ನು ಪೂರ್ತಿ ಅದ್ದಿ, ನೀರು ಚೆಲ್ಲಿ, ಹಿಂಡಿ ಕೊಡವಿದ್ದಾರೆ.

"ಇದೇನಮ್ಮೀ ಇದು, ನನ್ ಪಂಚೆನಾ ಇಂಗ್ ಮಾಡಿಟ್ಟಿದ್ದೀಯ?" ಎಂದು ಚಿಕ್ಕಹನುಮಯ್ಯನವರು ಬನಿಯನ್ನಿನಲ್ಲೇ ಹೊರಗೆ ಬಂದರು. ಅವರು ಮಧ್ಯಾಹ್ನ ನಾಗಸಂದ್ರದಲ್ಲಿ ಸಮುದಾಯ ಭವನವೊಂದರ ಪೂಜೆಗೆ ಮುಖ್ಯ ಅತಿಥಿ. ಪಂಚೆ ಅವರ ಹಳೆಯ ತೋಟದ ಕಪ್ಪು ದ್ರಾಕ್ಷಿಯ ಬಣ್ಣಕ್ಕೆ ತಿರುಗಿತ್ತು.

"ನೀಲಿ ಅಂತ ಅದ್ದಿದೆ ಕಣ್ರೀ. ಈ ವಿಜಿ ಇಟ್ಟಿದ್ನಂತೆ."

"ಏನ್ಲಾ ಅದು ಬಕೀಟ್ನಾಗೆ?"

ವಿಜಯಕುಮಾರನಿಗೆ ಸುಳ್ಳು ತೋಚಲಿಲ್ಲ. "ಹೆದರಿಕಿ ರೀ ಮಾಲಕ್ರ. ಹೆದರಿದ್ರ ಅದು ಹಿಂಗ ಬಣ್ಣ ಕಾರ್ತದ್ರಿ."

"ಆ ಗಡ್ಡೆ ಕಾರಿದ್ದನ್ನ ನನ್ ಸೊಂಟಕ್ಕೆ ಉಡ್ಸಾಕ್ ಒಂಟಿದ್ದೀಯ? ಸಂಜೆ ಒಳಗೆ ಅದನ್ನ ಈ ಮನೆಯಿಂದ ಸಾಗಾಕು. ಇಲ್ದಿದ್ರೆ ನೀನೂ ಅದ್ರ ಜೊತೆ ಓಗು."

ವಿಜಯಕುಮಾರ ನಿಶ್ಚಯಕ್ಕೆಂದು ಜೋಪಾನವಾಗಿಟ್ಟಿದ್ದ ಜರಿಯಂಚಿನ ಪಂಚೆಯನ್ನು ತಂದು ಅವರ ಮುಂದಿಟ್ಟ. ಉಟ್ಟರೆ ಅವರ ಸೊಂಟದ ಸುತ್ತಳತೆಗೆ ಒಂದು ಗೇಣು ಕಮ್ಮಿಯೇ ಬಿತ್ತು. ಬೈಯುತ್ತಲೇ ಉಟ್ಟು, ಒಂದು ಕೈಯಲ್ಲಿ ಹಿಡಿದುಕೊಂಡೇ ಕಾರು ಹತ್ತಿದರು. ಸೊಣ್ಣಮ್ಮ ಬಣ್ಣದ ಪಂಚೆಯನ್ನು ಸೋಡಾ, ಬ್ಲೀಚಿಂಗ್ ಪೌಡರು ಹಾಕಿ ಕುದಿಯಲು ಇಟ್ಟರು.

ಸಂಜೆ ಆಟೋದಲ್ಲಿ ಬಕೆಟನ್ನು ತೊಡೆಯ ಮೇಲಿಟ್ಟುಕೊಂಡು, ಹಂಪು ಬಂದಾಗಲೆಲ್ಲ ಮಗುವಿನಂತೆ ಮೇಲೆತ್ತುತ್ತ, ವಿಜಯಕುಮಾರ ಹೆಬ್ಬಾಳ ಸೇರಿದ. ಲ್ಯಾಬಿನಲ್ಲಿ ಕರೆಂಟ್ ಬಂದಿತ್ತು. ಸಂಯುಕ್ತಾ ಅವರ ಜೊತೆ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥ ಡಾ. ಅಶ್ವತ್ಥ್ ಕೂಡ ಕಾಯುತ್ತಿದ್ದರು.

"ಹೇಗಿದ್ಲು?" ಎಂದರು ಸಂಯುಕ್ತಾ.

"ಮಠದಾಗ ಇದ್ದಂಗ ಇದ್ಲರಿ ಮೇಡಂ" ಎಂದ ವಿಜಯಕುಮಾರ, ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ. "ನಮ್ಮ ಮನಿ ಅಂದ್ರ ಇರುವಿ ನಡದ್ರೂ ಕೇಳಸ್ತದ. ಒಂದ ತೊಟ್ಟು ಕಾರಿಲ್ರಿ, ನಮ್ಮವ್ವನ ಆಣಿ."

ಸಂಯುಕ್ತಾ ಅವರ ಮುಖ ಅರಳಿತು. ಅಲ್ಲಿಯೇ ಅವನ ಕಾಂಟ್ರಾಕ್ಟನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುವಂತೆ ಬರೆದು ಸಹಿ ಹಾಕಿದರು. ವಿಜಯಕುಮಾರನ ಕಣ್ಣ ಮುಂದೆ ಮಹಾಲಿಂಗಪ್ಪನವರು ತಾವಾಗಿಯೇ ಬಂದು ವೀಳ್ಯ ಕೊಡುತ್ತಿದ್ದರು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

"ಅಶ್ವತ್ಥ್ ಸರ್, ನನ್ನ ಕೆಲಸ ಮುಗೀತು" ಎಂದರು ಸಂಯುಕ್ತಾ. "ಇವತ್ತಿಂದ ಗಂಗವ್ವ ನಿಮ್ಮವಳು. ವಿಜಯ್ ಕೂಡ."

"ಈ ದಿನಕ್ಕೇ ಕಾಯ್ತಿದ್ದೆ ಕಣಪ್ಪ" ಎಂದು ಅಶ್ವತ್ಥ್ ವಿಜಯಕುಮಾರನ ಕಡೆ ತಿರುಗಿ, ಕೋಟಿನ ಜೇಬಿನಿಂದ ಗಾಜಿನ ಸೀಸೆಯನ್ನೂ ಚಮಚವನ್ನೂ ತೆಗೆದರು. "ಹಿಂದೆ ಒಂದ್ಸಲ ಇವಳು ಕಾರಿದ ಬಣ್ಣ ಎರಡೇ ಹನಿ ಸಿಕ್ಕಿತ್ತು. ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿದ್ವಿ, ಬೆಳೀತಿದ್ದವು ಅಲ್ಲೇ ನಿಂತ್ಬಿಟ್ವು. ಅದರಲ್ಲಿ ಏನಿದೆ ಅಂತ ಕಂಡುಹಿಡಿಯೋಕೆ ಇನ್ನೊಂದು ಚಮಚ ಸಾಕು. ಅಷ್ಟರಲ್ಲಿ ಮೇಡಂ ಶಾಂತಿಪಾಠ ಶುರು ಮಾಡಿದ್ರು. ಆರು ವಾರದ್ದು ಒಳಗೆ ತುಂಬ್ಕೊಂಡಿರುತ್ತೆ ಈಗ. ಬಂಗಾರ ಅದು."

ವಿಜಯಕುಮಾರ ಬಲಗೈಯನ್ನು ಜೇಬಿನೊಳಗೆ ಇನ್ನಷ್ಟು ಆಳಕ್ಕೆ ತುರುಕಿದ. "ಒಮ್ಮೆ ಖಾಲಿ ಆದ್ರ ಸರ?"

"ನಮ್ಮಲ್ಲಿರೋ ಪಾಚಿ ತಿಂದು ಮತ್ತೆ ತುಂಬೋಕೆ ತಿಂಗಳುಗಟ್ಟಲೆ ಬೇಕು. ಒಂದು ತೊಟ್ಟೂ ಹಾಳು ಮಾಡ್ದೆ ತಂದ್ರಲ್ಲ, ದೊಡ್ಡ ಉಪಕಾರ" ಎಂದು ಅವರು ಕೈ ಚಾಚಿದರು. ವಿಜಯಕುಮಾರ ಎಡಗೈ ಕೊಟ್ಟ.

ಬಂಗಾರವೆಲ್ಲ ಆ ಹೊತ್ತಿಗೆ ಸಂಜಯನಗರದ ಒಲೆಯ ಮೇಲೆ ಬ್ಲೀಚಿಂಗ್ ಪೌಡರಿನಲ್ಲಿ ಕುದ್ದು ಬೆಳ್ಳಗಾಗಿತ್ತು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ತಾಯಾಣೆ ಬೇರೆ ಇಟ್ಟಾಗಿದೆ. ಹೇಳದಿದ್ದರೆ ಏನಾಗುತ್ತದೆಂದು ಅವನು ಯೋಚಿಸುತ್ತಿರುವಾಗಲೇ ಅಶ್ವತ್ಥ್ ಅದನ್ನೂ ಹೇಳಿದರು.

"ಇನ್ಮೇಲೆ ನಿಮಗೆ ಒಂದೇ ಕೆಲಸ. ಅವಳನ್ನ ಹೆದರಿಸೋದು. ಬಣ್ಣ ಕಾರೋವರೆಗೂ ಬಿಡ್ಬೇಡಿ. ಈಗ್ಲೇ ಶುರು ಮಾಡಿ, ನಾನಿಲ್ಲೇ ಇರ್ತೀನಿ."

ವಿಜಯಕುಮಾರ ಎಡಗೈಯಿಂದಲೇ ಗಂಗವ್ವನನ್ನು ಲ್ಯಾಬಿನ ಗಾಜಿನ ತೊಟ್ಟಿಗೆ ಬಿಟ್ಟು, ಅದರ ಮೇಲೆ ಬಗ್ಗಿ ಕಣ್ಣು ಕೆಕ್ಕರಿಸಿದ. ಪರಿಚಯದ ಮುಖ ಕಂಡ ಖುಷಿಗೆ ಗಂಗವ್ವ ತೇಲುತ್ತ ಬಂದು, ಕೊಂಬೆರಡನ್ನೂ ಗಾಜಿಗೆ ಒತ್ತಿ ನಿಂತಳು.

"ಇನ್ನೂ ಸ್ವಲ್ಪ ಜೋರಾಗಿ" ಎಂದರು ಅಶ್ವತ್ಥ್, ಚಮಚ ಹಿಡಿದುಕೊಂಡು.

ವಿಜಯಕುಮಾರ ಎಡಗೈಯಿಂದ ತೊಡೆ ತಟ್ಟಿ, ಹುಲಿಯಂತೆ ಗುರುಗುಟ್ಟತೊಡಗಿದ.