ಬಗಲಲ್ಲಿ ಕೊಳವೆ ಇಟ್ಟುಕೊಂಡ ಭಾವ

ನಮ್ಮ ಭಾವನಿಗೆ ಜ್ವರ ಬಂದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಆದರೆ ಬಗಲಲ್ಲಿ ಗಾಜಿನ ಕೊಳವೆ ಇಟ್ಟುಕೊಳ್ಳದ ಭಾವನನ್ನೂ ಕಂಡಿಲ್ಲ! ಅಕ್ಕನ ಗಂಡ, ಕಾರವಾರದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮಾಸ್ತರರು, ಅಂಕೋಲೆಯ ಮರ್ಯಾದಸ್ಥರ ಸಾಲಿನಲ್ಲಿ ನಿಲ್ಲಬೇಕಾದ ಮನುಷ್ಯ. ಹಾಗೆ ಒಂದು ಕಡೆ ನಿಂತಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಇರಲಿಲ್ಲ.

ಬೆಳಗಿನ ಕಾರವಾರ ಬಸ್ಸಿನಲ್ಲಿ ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದು ತೋಳನ್ನು ಮೈಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಸೀಟು ಖಾಲಿಯಾದರೂ ಕೂರುತ್ತಿರಲಿಲ್ಲ, ಕೊಳವೆ ಓರೆಯಾಗುತ್ತದಂತೆ! ಅವರ್ಸಾ ಬರುವಷ್ಟರಲ್ಲಿ ತೋಳೆತ್ತಿ, ಕೊಳವೆ ತೆಗೆದು, ಪಕ್ಕದಲ್ಲಿದ್ದವರ ಮೂಗಿನ ಮುಂದೆ ಹಿಡಿಯುವುದು. ನೀರಿನಂತಿದ್ದದ್ದು ಹಾಲಿನಂತೆ ಬೆಳ್ಳಗಾಗಿರುತ್ತಿತ್ತು. ಕಿಟಕಿಯ ಗಾಳಿಗೆ ಹಿಡಿದರೆ ಮತ್ತೆ ನೀರು! ಪಕ್ಕದವರು ಗಾಬರಿಯಿಂದ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಿದ್ದರು. ಕಂಡಕ್ಟರನೊಬ್ಬ ಮಾತ್ರ ಒಂದು ದಿನ ಧೈರ್ಯ ಮಾಡಿದ. “ಮಾಸ್ತರ್ರೆ, ಒಂದೋ ಜ್ವರ ಬಿಡ್ಲಿ, ಇಲ್ಲಾ ನೀವು ರಜೆ ತಕಳಿ. ದಿನಾ ನೋಡಿ ನೋಡಿ ನಂಗೇ ಮೈ ಬಿಸಿ ಆಗ್ತದೆ.”

ಆ ಕೊಳವೆಯಲ್ಲಿದ್ದದ್ದು ಒಂದು ಪಾಲಿಮರ್. ನಾನು ಹತ್ತನೇ ಇಯತ್ತೆಯವರೆಗೆ ಓದಿ ರವಿಕೆ ಹೊಲಿಯುವವಳು. ನನ್ನ ಮಟ್ಟಿಗೆ ಪಾಲಿಮರ್ ಎಂದರೆ ಬಚ್ಚಲಿನ ಬಾಲ್ದಿ. ಭಾವ ಬಿಡಬೇಕಲ್ಲ! ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ತಂಪಿದ್ದಾಗ ಅದು ನೀರು ಕುಡಿದು ಕೈಕಾಲು ಚಾಚಿ ಮಲಗುತ್ತದೆ. ಮೂವತ್ತೆರಡು ಡಿಗ್ರಿ ದಾಟಿತೋ, ನೀರು ಬಿಟ್ಟು ಮುದುಡಿಕೊಳ್ಳುತ್ತದೆ. ಸೆಕೆಗೆ ಕೈಕಾಲು ಚಾಚುವವರು ನಾವು. ಇದರದ್ದು ಪೂರಾ ಉಲ್ಟಾ! ಇದನ್ನು ಗಾಜಿನ ತಟ್ಟೆಗೆ ತೆಳ್ಳಗೆ ಲೇಪಿಸಿ, ಮೈಯಷ್ಟೇ ಬೆಚ್ಚಗಿಟ್ಟರೆ, ಜೀವಕೋಶಗಳು ಅದಕ್ಕೆ ಅಂಟಿಕೊಂಡು ಹಾಳೆಯಂತೆ ಬೆಳೆಯುತ್ತವೆ. ತಂಪು ಮಾಡಿದರೆ ಲೇಪ ಉಬ್ಬಿ, ಹಾಳೆ ಇಡಿಯಾಗಿ ತಾನೇ ಮೇಲೇಳುತ್ತದೆ. ಕೆರೆಯುವುದು ಬೇಡ, ಹರಿಯುವುದೂ ಇಲ್ಲ.

ಈ ಹುಚ್ಚು ಅವರಿಗೆ ಸುಮ್ಮನೆ ಹತ್ತಿದ್ದಲ್ಲ. ಒಂದು ಚವತಿಗೆ ಮುಂಚೆ ಗೋಡೆ ಬಳಿಯಲು ಮಂಜಗುಣಿ ಕಡೆಯಿಂದ ತರಿಸಿದ್ದ ಚಿಪ್ಪಿ ಸುಣ್ಣಕ್ಕೆ ಅಕ್ಕ ನೀರು ಹೊಯ್ದಳು. ಸುಣ್ಣ ಕುದ್ದು ಅವಳ ಬಲಗಣ್ಣಿಗೆ ಸಿಡಿಯಿತು. ಕಣ್ಣು ಮೊಟ್ಟೆಯ ಸಿಪ್ಪೆಯಂತೆ ಬೆಳ್ಳಗಾಯಿತು. ಸತ್ತವರ ಕಣ್ಣಿನ ಪೊರೆ ತಂದು ಹಾಕಿದರೂ ನಿಲ್ಲುವುದಿಲ್ಲ, ಸುಣ್ಣ ಬೇರನ್ನೇ ಸುಟ್ಟಿದೆ ಎಂದರು ಡಾಕ್ಟರು. ಭಾವ ಎಲ್ಲೆಲ್ಲೋ ಓದಿ, ಯಾರು ಯಾರಿಗೋ ಫೋನು ಮಾಡಿ, ದೂರದ ಊರಿನ ಒಂದು ದೊಡ್ಡ ಆಸ್ಪತ್ರೆಯನ್ನು ಹುಡುಕಿದರು. ರೋಗಿಯ ಕೆನ್ನೆಯ ಒಳಗಿನ ಚರ್ಮ ಒಂದು ಚೂರು ತೆಗೆದು, ಇಂಥ ಲೇಪದ ಮೇಲೆ ಹಾಳೆ ಬೆಳೆಸಿ, ಸುಟ್ಟ ಕಣ್ಣಿನ ಮೇಲೆ ಹಾಸುತ್ತಾರಂತೆ!

ಕೇಳಿ ನಮ್ಮ ಆಯಿಗೆ ಎದೆ ಒಡೆದಂತಾಯಿತು. ಕಣ್ಣು ಕೊಯ್ಯುತ್ತಾರೆ ಎಂದಲ್ಲ. “ಬಾಯಿ ಎಂಜಲು ತಕಂಡು ಹೋಗಿ ಕಣ್ಣಿಗೆ ಮೆತ್ತೂದಾ? ದೇವ್ರನ್ನ ನೋಡೂ ಕಣ್ಣು ಅದು.”

“ಅತ್ತೆ, ಇವ್ಳು ಸಣ್ಣಿರುವಾಗ ಕಣ್ಣಲ್ಲಿ ಕಸ ಬಿದ್ರೆ ನಾಲಿಗೆಯಿಂದ ತೆಗೆದದ್ದು ಯಾರು?”

ಆಯಿ ಸೆರಗು ಕೊಡವಿ ಒಳಗೆ ಹೋದಳು. ಆ ಸಂಜೆ ಭಾವನಿಗೆ ಚಹಾ ಸಿಗಲಿಲ್ಲ.

ಅಕ್ಕನೂ ತನಗೆ ಒಂದೇ ಕಣ್ಣು ಸಾಕು ಎಂದುಬಿಟ್ಟಳು. ತಾನು ಕಣ್ಣಾರೆ ಕಾಣದ್ದನ್ನು ಹೆಂಡತಿಯ ಕಣ್ಣಿಗೆ ಹಾಕಿಸುವುದಿಲ್ಲ ಎಂದು ಭಾವನೂ ಹಟ ಹಿಡಿದರು. ಮೊದಲು ಆಡಿನ ಕೆನ್ನೆಯಿಂದ ತಾವೇ ಒಂದು ಹಾಳೆ ಬೆಳೆಸಿ ನೋಡುವುದಂತೆ. ಶುರುವಾಯಿತು ಆಡಿನ ಪುರಾಣ! ಎಲ್ಲರೂ ಕಾಲು ಕೊಡಿ, ಲಿವರ್ ಕೊಡಿ ಎಂದು ಕೇಳುವ ಮಟನ್ ಅಂಗಡಿಯಲ್ಲಿ ಇವರು ಕೆನ್ನೆಯ ಒಳಚರ್ಮ, ಅದೂ ಉಗುರಿನಷ್ಟು ಕೇಳುತ್ತಿದ್ದರು. ಮನೆಯಲ್ಲಿ ಮಾಟಮಂತ್ರವೇನಾದರೂ ನಡೆದಿದೆಯೇ ಎಂದು ಅಂಗಡಿಯವನಿಗೆ ಅನುಮಾನ. ಆ ಚೂರು ಕಾಲೇಜಿನ ಜೀವಶಾಸ್ತ್ರ ವಿಭಾಗದ ಬೆಚ್ಚನೆಯ ಪೆಟ್ಟಿಗೆ ಸೇರಿ ಬಹುತೇಕ ಬೂಷ್ಟು ಹಿಡಿಯುತ್ತಿತ್ತು. ಬೂಷ್ಟು ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ.

ಕೊನೆಗೆ ಒಂದು ಮೇ ತಿಂಗಳಲ್ಲಿ ಹಾಳೆ ಬೆಳೆಯಿತು. ಅಂದು ನಾನು ರವಿಕೆಯ ಅಸ್ತರು ತರಲು ಕಾರವಾರಕ್ಕೆ ಹೋದವಳು, ಭಾವನ ಜೊತೆಗೇ ಮನೆಗೆ ಮರಳೋಣವೆಂದು ಕಾಲೇಜಿಗೆ ಹೋಗಿದ್ದೆ. ಭಾವ ತಟ್ಟೆಯ ಮುಂದೆ ತಲೆಗೆ ಕೈ ಹೊತ್ತು ಕೂತಿದ್ದರು. ತಟ್ಟೆಯನ್ನು ಹೊರಗೆ ತೆಗೆದು ಮೇಜಿನ ಮೇಲಿಡಿ, ತಂಪಿಗೆ ತಾನೇ ಬಿಡುತ್ತದೆ ಎಂದು ಪುಸ್ತಕದಲ್ಲಿತ್ತಂತೆ. ಬರೆದವರು ಯಾವ ಚಳಿ ದೇಶದವರೋ! ಕಾರವಾರದ ಮೇ ತಿಂಗಳಲ್ಲಿ ಮೇಜೇ ಮೂವತ್ತನಾಲ್ಕು ಡಿಗ್ರಿ! ಕರೆಂಟು ಹೋಗಿ ಫ್ರಿಜ್ಜೂ ಬೆವರುತ್ತಿತ್ತು. ಹಾಳೆ ಜಪ್ಪಯ್ಯ ಎಂದರೂ ಬಿಡಲೊಲ್ಲದು. ಭಾವ ಥಟ್ಟನೆ ಎದ್ದು, ತಟ್ಟೆಯನ್ನು ಎದೆಗವಚಿಕೊಂಡು ಓಡಿದರು. ಎಲ್ಲಿಗೆ ಅಂತೀರಿ? ಮೀನು ಮಾರುಕಟ್ಟೆಗೆ!

ಬಂಗಡೆ ಮಾರುವವಳ ಪೆಟ್ಟಿಗೆಯಲ್ಲಿ ಬಂಗಡೆಗಳನ್ನು ಬದಿಗೆ ಸರಿಸಿ, ಐಸಿನ ಮೇಲೆ ತಟ್ಟೆ ಇಟ್ಟರು. ಆಕೆ ಬಗ್ಗಿ ನೋಡಿ, ಇದ್ಯಾವ ಮೀನು, ಕಾಣುವುದೇ ಇಲ್ಲವಲ್ಲ ಎಂದಳು. ಹಿಂದೆಯೇ ಓಡಿಬಂದಿದ್ದ ನಾನು ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಏನೋ ಅಲುಗಿತು. ಮೆಲ್ಲಗೆ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗಿನ ಹಾಳೆಯೊಂದು ಇಡಿಯಾಗಿ ಎದ್ದು ತೇಲಿತು. ಭಾವ ತಟ್ಟೆಯ ಮೇಲೆ ಬಗ್ಗಿದರು. “ಬಿಟ್ತು. ಕೆರೀದೇ ಬಿಟ್ತು.”

“ಇಷ್ಟು ಕೆನಿಗೆ ಇಷ್ಟು ಗಲಾಟ್ಯಾ ಮಾಸ್ತರ್ರೆ? ನಮ್ಮನೆ ಹಾಲಿನ ಮೇಲೆ ದಿನಾ ಬರ್ತದೆ” ಎಂದಳು ಬಂಗಡೆಯವಳು.

ಇಷ್ಟಾದರೂ ಬಾಯಿಯೊಳಗೆ ಕತ್ತಿ ಎಂದರೆ ಅಕ್ಕ ನಡುಗುತ್ತಿದ್ದಳು. ಭಾವ ಏನು ಮಾಡಿದರು ಗೊತ್ತೇ? ಅಂಕೋಲೆಯ ಹಲ್ಲಿನ ಡಾಕ್ಟರ ಬಳಿ ಹೋಗಿ, ಸರಿಯಿದ್ದ ತಮ್ಮ ಕೆನ್ನೆಯಿಂದ ಒಂದು ಚೂರು ತೆಗೆಯಿರಿ ಎಂದರು! ಹುಚ್ಚಿಗೆ ತನ್ನಲ್ಲಿ ಔಷಧವಿಲ್ಲ ಎಂದರಂತೆ ಡಾಕ್ಟರು. ಹೇಗೆ ಒಪ್ಪಿಸಿದರೋ, ಸಂಜೆ ಮನೆಗೆ ಬಂದು ಅಕ್ಕನ ಮುಂದೆ ಬಾಯಿ ತೆರೆದು ಹೊಲಿಗೆ ತೋರಿಸಿದರು. ಆಮೇಲೆ ನಾವೆಲ್ಲ ಖಾರದ ಬಂಗಡೆ ಸಾರು ಉಣ್ಣುವಾಗ ಅವರು ತಣ್ಣನೆಯ ಗಂಜಿ ಹೀರುತ್ತಾ ಸಾರಿನ ಪಾತ್ರೆಯನ್ನೇ ನೋಡುತ್ತಿದ್ದರು. ಆ ಮುಖ ಕಂಡು ಅಕ್ಕ ನಕ್ಕಳು. ಸುಣ್ಣ ಸಿಡಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ವಾರವೇ ಆಸ್ಪತ್ರೆಗೆ ಬಟ್ಟೆ ತುಂಬಿಕೊಂಡಳು.

ಆಸ್ಪತ್ರೆಯಲ್ಲಿ ಅಕ್ಕನ ಹಾಳೆ ಬೆಳೆಯಿತು, ಬಿಟ್ಟಿತು, ಕಣ್ಣಿನ ಮೇಲೆ ಕೂತಿತು. ಮೊದಲು ಬೆಳಕು ಬಂತು, ಆಮೇಲೆ ಕಿಟಕಿಯ ಸರಳು. ಒಂದು ದಿನ ನನ್ನ ರವಿಕೆಯ ತೋಳು ಸೊಟ್ಟವಾಗಿದೆ ಎಂದಳು. ಆಯಿ ಓಡಿ ದೇವರಿಗೆ ದೀಪ ಹಚ್ಚಿದಳು! ಆದರೆ ಗಂಡನ ಮುಖವನ್ನು ಆ ಕಣ್ಣಿಂದ ಸರಿಯಾಗಿ ನೋಡಬೇಕೆಂದರೆ ಆ ಮನುಷ್ಯ ನಿಂತಲ್ಲಿ ನಿಂತರಲ್ಲವೇ? ಹತ್ತು ಹೆಜ್ಜೆ ಹಿಂದೆ ಹೋಗಿ ಕೊಳವೆ ಎತ್ತಿ, ಬಿಳಿಯೋ ನೀರೋ ಎಂದು ಕೇಳುವುದು. ಬಾಗಿಲ ಮರೆಯಿಂದ ಎಷ್ಟು ಬೆರಳು ಎಂದು ಕೇಳುವುದು. ಅಕ್ಕ ಒಂದು ಗಳಿಗೆ ನಿಲ್ಲಿ ಎಂದರೆ, “ನನ್ನ ಮುಖ ಎಲ್ಲಿ ಹೋಗ್ತದೆ” ಎಂದು ಬಸ್ಸಿಗೆ ಓಡುತ್ತಿದ್ದರು.

ಹೋದ ತಿಂಗಳು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಭಾವ ಅಲ್ಲೇ ಕುಸಿದರು. ಬಸ್ಸು ಬಂದಿತ್ತು. ಭಾವ ಹತ್ತಲಿಲ್ಲ. ಎಷ್ಟು ಸಲ ಬರೆದರೂ ಈ ವಾಕ್ಯ ನನಗೆ ಸುಳ್ಳೆಂದೇ ಕಾಣುತ್ತದೆ.

ಅಂಗಳದ ತುಂಬ ಜನ. ಒಳಗೆ ಚಾಪೆಯ ಮೇಲೆ ಭಾವ. ಅಕ್ಕ ಅಳಲಿಲ್ಲ. ಕೇರಿಯ ಹೆಂಗಸರಿಗೆ ಭಯವಾಯಿತು. ಒಮ್ಮೆ ಅತ್ತುಬಿಡು ಎಂದು ಅವಳ ಭುಜ ಅಲುಗಿಸಿದರು. ನಾನೂ ಅಂದೆ.

“ಅತ್ರೆ ಮಂಜಾಗ್ತದೆ” ಎಂದಳು ಅಕ್ಕ. “ಇವ್ರು ಒಂದು ಕಡೆ ಇದ್ದದ್ದು ಇವತ್ತೇ. ನೋಡ್ಕಳ್ತೆ, ಬಿಡೆ.”

ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಅವರ ಮೇಲೆ ಬಗ್ಗಿದಳು. ಹಣೆಯಿಂದ ಗದ್ದದವರೆಗೆ, ಮತ್ತೆ ಗದ್ದದಿಂದ ಹಣೆಯವರೆಗೆ, ನಿಧಾನವಾಗಿ ನೋಡಿದಳು. ಹೊರಗೆ ಗಂಡಸರು ಹೊತ್ತಾಯಿತು ಎಂದರು. ಯಾರೂ ಅವಳನ್ನು ಎಬ್ಬಿಸಲಿಲ್ಲ.